ಸುಡುವ ಮೊದಲು ಓದಿದ್ದರೆ ಚೆನ್ನಾಗಿತ್ತು

2021ರ ಡಿಸೆಂಬರಿನಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಒಂದು ಸಣ್ಣ ಬೆಂಕಿ ಹೊತ್ತಿತು. ಮನೆಮನೆಗೆ ಹೋಗಿ ಕ್ರೈಸ್ತ ಧರ್ಮದ ಪುಸ್ತಕ ಹಂಚುತ್ತಿದ್ದವರನ್ನು ಕೆಲವರು ಅಡ್ಡಗಟ್ಟಿದರು, ಪುಸ್ತಕ ಕಿತ್ತುಕೊಂಡರು, ಸುಟ್ಟರು. ಎರಡೂ ಕಡೆಯವರು ರಾಜಿಯಾಗಿದ್ದಾರೆ ಎಂದು ಪೊಲೀಸರು ಹೇಳಿದ್ದು ವರದಿಯಾಯಿತು. ಮನೆಮನೆಗೆ ಹೋಗಿ ಪ್ರಚಾರ ಮಾಡಬೇಡಿ ಎಂಬ ಎಚ್ಚರಿಕೆ ಸಿಕ್ಕಿದ್ದು ಪುಸ್ತಕ ಕಳೆದುಕೊಂಡವರಿಗೆ. ಅದೇ ತಿಂಗಳು 23ರಂದು ಬೆಳಗಾವಿಯಲ್ಲಿ ಮತಾಂತರ ತಡೆಯುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು.

ಸುಟ್ಟವರಲ್ಲಿ ಎಷ್ಟು ಜನ ಆ ಪುಸ್ತಕ ಓದಿದ್ದರು ಎಂದು ಕೇಳಿ ಗೆದ್ದೆ ಎಂದು ಬೀಗುವುದು ಸುಲಭ. ನಾನೂ ಹಾಗೇ ಬೀಗುತ್ತಿದ್ದೆ. ಮುಂದಿನ ವರ್ಷ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿ ಪಕ್ಕದ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ನನ್ನನ್ನು ಹಿಡಿದುಕೊಂಡರು. ‘ಏನಪ್ಪಾ ಪೇಪರ್‌ನೋನೆ, ಅವರ ಪುಸ್ತಕದಾಗೇ ಬರೆದೈತಂತೆ, ಬೇರೆ ದೇವರನ್ನ ಪೂಜೆ ಮಾಡೋರನ್ನ ಸಾಯಿಸಿ ಅಂತ. ಇಲ್ಲ ಅಂತ ಹೇಳು ನೋಡಾನ’ ಅಂದರು. ‘ಇಲ್ಲ ಬಿಡಣ್ಣ, ಎಲ್ಲ ಧರ್ಮಾನೂ ಶಾಂತಿನೇ ಹೇಳೋದು’ ಅಂದೆ. ಅವರು ಟೀ ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದರು: ‘ನೀನು ಓದಿದೀಯಾ?’

ಓದಿರಲಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ ಪಾಠ, ನೋಡದ್ದನ್ನು ಬರೆಯಬೇಡ ಎಂದು. ಆದರೆ ಎಲ್ಲ ಧರ್ಮವೂ ಶಾಂತಿಯನ್ನೇ ಹೇಳುತ್ತದೆ ಎಂಬ ವಾಕ್ಯವನ್ನು ನಾವು ಯಾವ ಗ್ರಂಥವನ್ನೂ ತೆರೆಯದೆ ಎಷ್ಟು ಬಾರಿ ಬರೆದಿದ್ದೇವೆ ಎಂದು ಲೆಕ್ಕ ಹಾಕಿ. ಓದದೆ ಸುಡುವುದು ಒಂದು ತಪ್ಪಾದರೆ ಓದದೆ ಹೊಗಳುವುದು ಇನ್ನೊಂದು. ಬೆಂಕಿ ಹಚ್ಚಿದವನ ತಪ್ಪು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವನ ಮಾತಿಗೆ ಊರಿನಲ್ಲಿ ಬೆಲೆ ಬಂದಿರುವುದಕ್ಕೆ ನಮ್ಮ ಸುಳ್ಳೂ ಒಂದು ಕಾರಣ. ಯಾರೋ ಒಬ್ಬ ಮೊಬೈಲಿನಲ್ಲಿ ಒಂದು ವಚನ ತೋರಿಸಿದ ಕೂಡಲೇ ನಾವು ಹೇಳಿದ್ದೆಲ್ಲ ಬಣ್ಣ ಕಳೆದುಕೊಳ್ಳುತ್ತದೆ.

ಹಾಗಾಗಿ ಓದಿದೆ. ಕನ್ನಡ ಬೈಬಲ್ ಎಲ್ಲೆಡೆ ಸಿಗುತ್ತದೆ. ಕನ್ನಡ ಕುರ್‌ಆನ್ ಮಂಗಳೂರಿನ ಶಾಂತಿ ಪ್ರಕಾಶನದ್ದು ಇದೆ. ಎರಡನ್ನೂ ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ಟೀ ಅಂಗಡಿಯ ಅಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ. ಯೆಹೂದ್ಯರಿಗೂ ಕ್ರೈಸ್ತರಿಗೂ ಪವಿತ್ರವಾದ ಧರ್ಮೋಪದೇಶಕಾಂಡದ 13ನೇ ಅಧ್ಯಾಯ ತೆರೆಯಿರಿ. ಸ್ವಂತ ತಮ್ಮ, ಮಗ, ಮಗಳು, ಹೆಂಡತಿ, ಜೀವದ ಗೆಳೆಯ, ಯಾರೇ ಆಗಲಿ, ಬೇರೆ ದೇವರನ್ನು ಪೂಜಿಸೋಣ ಎಂದು ಗುಟ್ಟಾಗಿ ಕರೆದರೆ ಕನಿಕರ ತೋರಿಸಬಾರದು, ಕೊಲ್ಲಬೇಕು, ಮೊದಲ ಕಲ್ಲು ಎತ್ತುವ ಕೈ ನಿನ್ನದೇ ಆಗಬೇಕು ಎಂಬ ಅರ್ಥದ ಮಾತು ಅಲ್ಲಿದೆ. ಯೆಹೋಶುವನ ಪುಸ್ತಕದಲ್ಲಿ ಯೆರಿಕೋ ಪಟ್ಟಣದ ಗಂಡು ಹೆಣ್ಣು, ಮುದುಕರು ಮಕ್ಕಳು, ಹಸು ಕುರಿಯವರೆಗೂ ಕತ್ತಿಗೆ ಆಹುತಿಯಾಗುತ್ತದೆ. ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯದಲ್ಲಿ ಅಮಾಲೇಕ್ಯರ ಹಸುಗೂಸುಗಳನ್ನೂ ಬಿಡಬಾರದೆಂಬ ಆಜ್ಞೆ ಇದೆ. ಹೊಸ ಒಡಂಬಡಿಕೆಗೆ ಬಂದರೆ ಮತ್ತಾಯ ಮತ್ತು ಯೋಹಾನರ ಸುವಾರ್ತೆಗಳಲ್ಲಿ ಯೆಹೂದ್ಯರ ಬಗ್ಗೆ ಇರುವ ಕೆಲವು ಸಾಲುಗಳು ಯುರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರ ಮೇಲಿನ ದಾಳಿಗೆ ನೆಪವಾದವು. ಕುರ್‌ಆನಿನ 9ನೇ ಅಧ್ಯಾಯ ತೌಬಾದ 5ನೇ ಮತ್ತು 29ನೇ ವಚನಗಳು ಯುದ್ಧದ ಮಾತುಗಳು. ಅವನ್ನು ಎಷ್ಟು ತಿರುಗಿಸಿ ನೋಡಿದರೂ ಅವು ಮೃದುವಾಗುವುದಿಲ್ಲ.

ಇವೆಲ್ಲ ಆ ಕಾಲದ ಮಾತು, ಈಗ ಯಾರೂ ಪಾಲಿಸುವುದಿಲ್ಲ ಎಂದು ಹೇಳಿ ಜಾರಿಕೊಳ್ಳಲೂ ಆಗದು. ಗೋವಾದಲ್ಲಿ ಪೋರ್ಚುಗೀಸರ ಧರ್ಮವಿಚಾರಣೆ ನಡೆದದ್ದು 1560ರಿಂದ 1812ರ ತನಕ. ಅಲ್ಲಿಂದ ದೇವರ ಮೂರ್ತಿ ಹೊತ್ತು ಓಡಿಬಂದ ಕೊಂಕಣಿ ಕುಟುಂಬಗಳ ಮೊಮ್ಮಕ್ಕಳು ಇವತ್ತಿಗೂ ಕರಾವಳಿಯಲ್ಲಿದ್ದಾರೆ. ತೌಬಾದ ಖಡ್ಗದ ವಚನ ಬಂದ ಮೇಲೆ ಹಿಂದಿನ ಸಹನೆಯ ವಚನಗಳೆಲ್ಲ ರದ್ದಾದವು ಎಂದು ಬರೆದ ಹಳೆಯ ವ್ಯಾಖ್ಯಾನಕಾರರೂ ಇದ್ದಾರೆ, ಅದನ್ನು ಒಪ್ಪದವರೂ ಇದ್ದಾರೆ. ಇದನ್ನು ಮುಸ್ಲಿಂ ಗೆಳೆಯರು ನಮಗಿಂತ ಚೆನ್ನಾಗಿ ಬಲ್ಲರು.

ಇಷ್ಟು ಒಪ್ಪಿಕೊಂಡ ಮೇಲೆ ಇನ್ನೊಂದು ಪುಟ ತಿರುಗಿಸುವ ಹಕ್ಕು ನನಗಿದೆ. ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಮೋವಾಬ್ಯರನ್ನು ಹತ್ತನೆಯ ತಲೆಮಾರಿನವರೆಗೂ ಸಭೆಗೆ ಸೇರಿಸಬಾರದು ಅನ್ನುತ್ತದೆ. ಅದೇ ಬೈಬಲಿನಲ್ಲಿ ರೂತಳೆಂಬ ಮೋವಾಬ್ಯ ವಿಧವೆಯ ಹೆಸರಿನಲ್ಲೇ ಒಂದು ಪುಸ್ತಕವಿದೆ, ಆಕೆ ದಾವೀದ ರಾಜನ ಮುತ್ತಜ್ಜಿ. ಶತ್ರುಗಳ ಊರಾದ ನಿನೆವೆಯನ್ನು ದೇವರು ಕ್ಷಮಿಸಿದ್ದಕ್ಕೆ ಸಿಟ್ಟಾಗಿ ಕೂತ ಯೋನನಿಗೆ ದೇವರೇ ಬುದ್ಧಿ ಹೇಳುವ ಕಥೆ ಇದೆ. ಲೂಕನ 9ನೇ ಅಧ್ಯಾಯದಲ್ಲಿ, ತಮ್ಮನ್ನು ಊರೊಳಗೆ ಬಿಡದ ಸಮಾರ್ಯದವರ ಮೇಲೆ ಆಕಾಶದಿಂದ ಬೆಂಕಿ ಇಳಿಸೋಣವೇ ಎಂದು ಕೇಳಿದ ಶಿಷ್ಯರನ್ನು ಯೇಸು ಗದರಿಸುತ್ತಾನೆ. ಮುಂದಿನ ಅಧ್ಯಾಯದಲ್ಲೇ ಒಬ್ಬ ಸಮಾರ್ಯದವನನ್ನು ನೆರೆಯವನೆಂದರೆ ಹೀಗಿರಬೇಕು ಎಂದು ತೋರಿಸುತ್ತಾನೆ. ಕುರ್‌ಆನಿನ 2ನೇ ಅಧ್ಯಾಯದ 256ನೇ ವಚನ ಧರ್ಮದಲ್ಲಿ ಬಲವಂತ ಸಲ್ಲದು ಅನ್ನುತ್ತದೆ. 60ನೇ ಅಧ್ಯಾಯದ 8ನೇ ವಚನ, ನಿಮ್ಮ ಧರ್ಮದ ಕಾರಣಕ್ಕೆ ನಿಮ್ಮೊಡನೆ ಯುದ್ಧ ಮಾಡದವರ ಜೊತೆ ಒಳ್ಳೆಯತನದಿಂದ, ನ್ಯಾಯದಿಂದ ನಡೆದುಕೊಳ್ಳಿ ಅನ್ನುತ್ತದೆ. ಮೊಬೈಲಿಗೆ ಬರುವ ತೌಬಾದ 5ನೇ ವಚನದ ಹಿಂದೆ 4ನೆಯದಿದೆ, ಅದು ಒಪ್ಪಂದ ಮುರಿಯದವರನ್ನು ಹೊರಗಿಡುತ್ತದೆ. ಮುಂದೆ 6ನೆಯದಿದೆ, ಆಶ್ರಯ ಕೇಳಿ ಬಂದ ಬಹುದೇವತಾರಾಧಕನಿಗೆ ಆಶ್ರಯ ಕೊಟ್ಟು ಸುರಕ್ಷಿತ ಜಾಗಕ್ಕೆ ತಲುಪಿಸಿ ಎಂದು ಅದು ಹೇಳುತ್ತದೆ. ಫಾರ್ವರ್ಡ್ ಮಾಡುವವನ ಕೈಯಲ್ಲಿ 4 ಮತ್ತು 6 ಯಾವಾಗಲೂ ಬಿದ್ದುಹೋಗಿರುತ್ತವೆ.

ಅಂದರೆ ಈ ಗ್ರಂಥಗಳು ಒಂದೇ ದನಿಯವಲ್ಲ, ತಮ್ಮೊಳಗೇ ಜಗಳವಾಡುತ್ತವೆ. ಯಾವ ಪುಟವನ್ನು ಹಿಡಿದು ಬದುಕಬೇಕು ಎಂಬ ಆಯ್ಕೆ ಓದುವವನದ್ದು. ಕೋಲಾರದ ಇಟಿಸಿಎಂ ಆಸ್ಪತ್ರೆಯಲ್ಲಿ ನಮ್ಮ ಜಿಲ್ಲೆಯ ಎಷ್ಟು ತಾಯಂದಿರ ಹೆರಿಗೆ ಆಗಿದೆಯೋ ಲೆಕ್ಕವಿಲ್ಲ. ಅದನ್ನು ಕಟ್ಟಿದ ಮೆಥೊಡಿಸ್ಟ್ ಮಿಷನ್ನಿನವರ ಕೈಯಲ್ಲಿದ್ದದ್ದೂ ಧರ್ಮೋಪದೇಶಕಾಂಡ ಇರುವ ಅದೇ ಬೈಬಲ್. ಅವರು ಬೇರೆ ಪುಟ ಹಿಡಿದರು. ಹಾಗೆಂದು 13ನೇ ಅಧ್ಯಾಯ ಅಳಿಸಿಹೋಗಲಿಲ್ಲ. ಅದು ಅಲ್ಲೇ ಇದೆ, ಬೇಕಾದವನ ಕೈಗೆ ಸಿಗುವಂತೆ. ಅದಕ್ಕೇ ಅದರ ಬಗ್ಗೆ ಬಾಯಿಬಿಟ್ಟು ಮಾತಾಡಬೇಕು ಅನ್ನುವುದು.

ಇಲ್ಲಿ ಒಂದು ವಾದ ಎದುರಾಗುತ್ತದೆ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸತ್ಯ ದೇವರು ಒಬ್ಬನೇ, ಉಳಿದವೆಲ್ಲ ಸುಳ್ಳು ಎಂದ ಕ್ಷಣದಲ್ಲೇ ಅಸಹನೆಯ ಬೀಜ ಬಿತ್ತಿದಂತಾಯಿತು, ಬಹುದೇವತೆಗಳನ್ನು ಪೂಜಿಸುವವರಲ್ಲಿ ಆ ಬೀಜವೇ ಇಲ್ಲ ಎಂಬುದು ಆ ವಾದ. ಜರ್ಮನಿಯ ವಿದ್ವಾಂಸ ಯಾನ್ ಅಸ್ಮನ್ 1990ರ ದಶಕದಲ್ಲಿ ಮೋಶೆಯ ಕುರಿತು ಬರೆಯುತ್ತ ಈ ಸತ್ಯ-ಸುಳ್ಳಿನ ಗೆರೆಯ ಪ್ರಶ್ನೆ ಎತ್ತಿದರು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿದ್ದ ನಮ್ಮವರೇ ಆದ ಎಸ್.ಎನ್. ಬಾಲಗಂಗಾಧರ ಬೇರೆ ದಾರಿಯಿಂದ ಬಂದು, ಸೆಮೆಟಿಕ್ ರಿಲಿಜನ್‌ಗಳು ಬೇರೆಯವರ ಸಂಪ್ರದಾಯಗಳನ್ನು ಸುಳ್ಳು ರಿಲಿಜನ್ ಎಂದೇ ನೋಡುತ್ತವೆ, ನಮ್ಮಲ್ಲಿ ಆಚರಣೆಯನ್ನು ಸತ್ಯವೋ ಸುಳ್ಳೋ ಎಂದು ಅಳೆಯುವ ರೂಢಿ ಇಲ್ಲ ಎಂದರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದ ಮೇಲೆ ಎಸ್.ಎಲ್. ಭೈರಪ್ಪನವರು ಮತಾಂತರದ ಬಗ್ಗೆ ವಿಜಯ ಕರ್ನಾಟಕದಲ್ಲಿ ಬರೆದರು, ಪರ-ವಿರೋಧ ವಾರಗಟ್ಟಲೆ ಹರಿಯಿತು. ಆಗ ಕೇಳಿಬಂದ ಮಾತುಗಳೇ ಇವತ್ತು ಸವೆದು ಸಣ್ಣದಾಗಿ ಟೀ ಅಂಗಡಿಗೆ ಬಂದಿವೆ.

ವಾದದಲ್ಲಿ ಸತ್ಯಾಂಶವಿದೆ. ನಿನ್ನ ದೇವರು ದೆವ್ವ ಎಂದು ಕರಪತ್ರದಲ್ಲಿ ಅಚ್ಚು ಹಾಕಿ ನೆರೆಮನೆಯವನ ಬಾಗಿಲಿಗೆ ತಂದುಕೊಟ್ಟರೆ ಅವನಿಗೆ ನೋವಾಗುತ್ತದೆ. ಹಂಚುವವನಿಗೆ ಸಂವಿಧಾನದ 25ನೇ ವಿಧಿ ಪ್ರಚಾರದ ಹಕ್ಕು ಕೊಟ್ಟಿದೆ, ಆದರೆ ಆ ಹಕ್ಕು ನೋವನ್ನು ಇಲ್ಲವಾಗಿಸುವುದಿಲ್ಲ. ಅಂಥ ಕರಪತ್ರ ಬರೆಯುವ ಪಾಸ್ಟರುಗಳಿಗೆ ಅವರ ಸಭೆಯವರೇ ಎದ್ದುನಿಂತು ಹೇಳಬೇಕು: ಮಾರಮ್ಮನನ್ನು ಪೂಜಿಸುವ ಪಕ್ಕದ ಮನೆಯ ಅಜ್ಜಿ ಸೈತಾನನ ಕಡೆಯವಳಲ್ಲ, ನಮ್ಮ ಮಗುವಿಗೆ ಜ್ವರ ಬಂದಾಗ ಮೊದಲು ಓಡಿಬಂದವಳು ಅವಳೇ ಎಂದು.

ಆದರೆ ಆ ಬೀಜ ನಮ್ಮಲ್ಲಿ ಇಲ್ಲವೇ ಇಲ್ಲ ಎಂಬ ಭಾಗವನ್ನು ನಮ್ಮ ನೆಲದಲ್ಲೇ ಪರೀಕ್ಷಿಸಿ ನೋಡೋಣ.

ಮೊದಲು ಇತಿಹಾಸ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ಯಾರ ದೇವರು ದೊಡ್ಡವನೆಂದು ವಾದ, ಶಿವನಿಗೆ ತಲೆ ಕೊಯ್ದುಕೊಟ್ಟು ಮರಳಿ ಪಡೆಯುವ ಪಂದ್ಯ, ಕೊನೆಗೆ ಜಿನಮೂರ್ತಿಯ ಭಂಗ. ಬೈಬಲೂ ಕುರ್‌ಆನೂ ಅಬ್ಬಲೂರಿಗೆ ಬಂದಿರಲಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಬುಕ್ಕರಾಯನೇ ಕೂತು ರಾಜಿ ಮಾಡಿಸಬೇಕಾಯಿತು. ಅದರ ಶಾಸನ ಶ್ರವಣಬೆಳಗೊಳದಲ್ಲಿದೆ, ಹೋಗಿ ನೋಡಬಹುದು. ನಮ್ಮ ವಚನಕಾರರೇ ದೇವನೊಬ್ಬನೇ ಎಂದು ಹಲವು ದೈವಗಳ ಪೂಜೆಯನ್ನು ಚೆನ್ನಾಗಿ ಹಂಗಿಸಿದ್ದಾರೆ. ಅದನ್ನು ನಾವು ಶಾಲೆಯಲ್ಲಿ ಹೆಮ್ಮೆಯಿಂದ ಬಾಯಿಪಾಠ ಮಾಡುತ್ತೇವೆ. ಒಂದೇ ದೇವರೆನ್ನುವುದೇ ವಿಷವಾದರೆ ಅದಕ್ಕೆ ಏನು ಹೇಳುತ್ತೀರಿ? ಆ ಮಾತಿನಿಂದ ಅಬ್ಬಲೂರಿನ ಭಂಗವೂ ಹುಟ್ಟಿತು, ಕಲ್ಯಾಣದಲ್ಲಿ ಜಾತಿಯ ಗೋಡೆಗೆ ಬಿದ್ದ ಪೆಟ್ಟೂ ಹುಟ್ಟಿತು.

ಇನ್ನು ನಮ್ಮ ಕಾಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಗ್ರಾಮದೇವತೆಯ ಮೆರವಣಿಗೆಯ ಹೊತ್ತಿನಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದ. ಆ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದರು. ಕೂಲಿ ಮಾಡಿ ಬದುಕುವ ಮನೆಗೆ ಅರವತ್ತು ಸಾವಿರ. ಸುದ್ದಿ ಹೊರಬಿದ್ದ ಮೇಲೆ ಕೇಸಾಯಿತು, ಅಧಿಕಾರಿಗಳು ಬಂದರು, ದೇವಸ್ಥಾನದ ಬಾಗಿಲು ತೆರೆಸಿದರು. ಆ ತಾಯಿ ಮನೆಯ ಗೋಡೆಯ ಮೇಲಿದ್ದ ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಚಿತ್ರ ಇಟ್ಟದ್ದು ಪತ್ರಿಕೆಗಳಲ್ಲಿ ಬಂತು.

ಅಲ್ಲಿ ಯಾವ ಗ್ರಂಥದ ಯಾವ ಅಧ್ಯಾಯ ಇತ್ತು ಹೇಳಿ. ಗ್ರಾಮದೇವತೆಗೆ ಪುಸ್ತಕವೇ ಇಲ್ಲ. ದಂಡ ಹಾಕಿದವರು ಯಾರೂ ಮನುಸ್ಮೃತಿ ತೆರೆದು ಶ್ಲೋಕ ನೋಡಿಕೊಂಡು ಬಂದವರಲ್ಲ. ಒಬ್ಬನೇ ದೇವರು ಎನ್ನುವ ಹಟವೂ ಅಲ್ಲಿ ಇರಲಿಲ್ಲ, ನೂರು ದೇವರಿಗೆ ಜಾಗವಿರುವ ಊರು ಅದು. ಒಬ್ಬ ಹುಡುಗನ ಕೈಗೆ ಮಾತ್ರ ಜಾಗವಿರಲಿಲ್ಲ. ದೇವರ ವಿಷಯದಲ್ಲಿ ಇಷ್ಟು ಉದಾರವಾಗಿದ್ದು ಮನುಷ್ಯನ ವಿಷಯದಲ್ಲಿ ಇಷ್ಟು ಬಿಗಿಯಾಗಿರಲು ಸಾಧ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪರಿಶಿಷ್ಟ ಜಾತಿಯ ಜನರ ಪ್ರಮಾಣ ರಾಜ್ಯದಲ್ಲೇ ಅತಿ ಹೆಚ್ಚು ಇರುವ ಜಿಲ್ಲೆ ನಮ್ಮದು. 2011ರ ಜನಗಣತಿಯಂತೆ ನೂರಕ್ಕೆ ಸುಮಾರು 30 ಮಂದಿ. ಈ ಜಿಲ್ಲೆಯಲ್ಲಿ ನಿಂತು ಅಸಹನೆ ಎಂಬುದು ಪರರ ಗ್ರಂಥದ ಸರಕು ಎಂದು ಭಾಷಣ ಮಾಡುವವರಿಗೆ ಮಾಲೂರಿನ ಬಸ್ಸು ತೋರಿಸಬೇಕು.

ಅವರೂ ಹಾಗೆ, ಇವರೂ ಹಾಗೆ ಎಂದು ಸಮ ಮಾಡಿ ಕೈತೊಳೆಯಲು ಇದನ್ನು ಹೇಳುತ್ತಿಲ್ಲ. ಉಳ್ಳೇರಹಳ್ಳಿಯ ದಂಡದಿಂದ ಧರ್ಮೋಪದೇಶಕಾಂಡದ 13ನೇ ಅಧ್ಯಾಯ ಸರಿಯಾಗುವುದಿಲ್ಲ. ಆದರೆ ಒಬ್ಬನ ಗ್ರಂಥಕ್ಕೆ ಭೂತಗನ್ನಡಿ, ಇನ್ನೊಬ್ಬನ ಊರಿಗೆ ಕುರುಡು ಕಣ್ಣು ಇಟ್ಟುಕೊಂಡು ಮಾಡುವುದಕ್ಕೆ ಚರ್ಚೆ ಎಂಬ ಹೆಸರು ಸಲ್ಲದು.

ಹಾಗಾದರೆ ನಿಜವಾದ ಚರ್ಚೆ ಯಾರು ಮಾಡುತ್ತಿದ್ದಾರೆ? ಆ ಗ್ರಂಥದ ಕೆಳಗೆ ಬದುಕುತ್ತಿರುವವರು. ಅದಕ್ಕೆ ಬೆಲೆ ತೆರುತ್ತಿರುವವರೂ ಅವರೇ. ಸಾರಾ ಅಬೂಬಕ್ಕರ್ ಮುಸ್ಲಿಂ ಹೆಣ್ಣುಮಕ್ಕಳ ಪಾಡು ಬರೆದದ್ದಕ್ಕೆ 1985ರಲ್ಲಿ ಪುತ್ತೂರಿನ ಸಾಹಿತ್ಯ ಸಮಾರಂಭದಲ್ಲಿ ಅವರ ಮೇಲೆ ಹಲ್ಲೆಗೆ ಯತ್ನ ನಡೆಯಿತು. ಹೆಂಗಸರಿಗೂ ಮಸೀದಿಯಲ್ಲಿ ನಮಾಜಿನ ಹಕ್ಕಿದೆ ಎಂದದ್ದಕ್ಕೆ ಹಾಸನದ ಬಾನು ಮುಷ್ತಾಕ್ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು, ಚಾಕು ಹಿಡಿದು ಬಂದವನನ್ನೂ ಕಂಡರು. ಅದೇ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದು ಬಂದು ಮೈಸೂರು ದಸರಾ ಉದ್ಘಾಟಿಸುತ್ತಾರೆ ಎಂದಾಗ, ಅವರ ಧರ್ಮದ ಹೆಸರು ಹಿಡಿದು ಕೋರ್ಟಿಗೆ ಹೋದವರು ಇನ್ನೊಂದು ಕಡೆಯವರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಆ ಅರ್ಜಿಗಳನ್ನು ತಳ್ಳಿಹಾಕಿದವು. ಕುರ್‌ಆನಿನ ಅಸಹನೆಯ ಬಗ್ಗೆ ದಿನಾ ಮಾತಾಡುವವರು, ತನ್ನ ಸಮುದಾಯದ ಅಸಹನೆಯನ್ನು ಎದುರಿಸಿ ನಿಂತ ಹೆಣ್ಣುಮಗಳಿಗೆ ಹೀಗೆ ಬೆಂಬಲ ಕೊಟ್ಟರು.

ಕೇರಳದ ಮೂವಾಟ್ಟುಪುಳದಲ್ಲಿ 2010ರ ಜುಲೈ 4ರಂದು ಪ್ರೊಫೆಸರ್ ಟಿ.ಜೆ. ಜೋಸೆಫ್ ಅವರ ಕೈ ಕಡಿದವರು ಮುಸ್ಲಿಂ ಮತಾಂಧರು. ಅವರನ್ನು ಕೆಲಸದಿಂದ ತೆಗೆದದ್ದು ಚರ್ಚ್ ಆಡಳಿತದ ಕಾಲೇಜು. ಕೊಯಮತ್ತೂರಿನ ನಾಸ್ತಿಕ ಎಚ್. ಫಾರೂಕ್ ಅವರನ್ನು 2017ರ ಮಾರ್ಚಿನಲ್ಲಿ ಕೊಂದವರು ಅವರು ಹುಟ್ಟಿದ ಧರ್ಮದವರೇ. ಎಂ.ಎಂ. ಕಲಬುರ್ಗಿಯವರು 1989ರಲ್ಲೇ ತಮ್ಮ ಸಮುದಾಯದ ಒತ್ತಡಕ್ಕೆ ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಒಳಗಿನಿಂದ ಪ್ರಶ್ನೆ ಕೇಳುವವನನ್ನು ಎಲ್ಲ ಕಡೆಯವರೂ ಹೀಗೆಯೇ ನಡೆಸಿಕೊಂಡಿದ್ದಾರೆ. ಹೊರಗಿನಿಂದ ಕಲ್ಲು ಬಿದ್ದಷ್ಟೂ ಅವನ ಬಾಯಿ ಮುಚ್ಚಿಸುವುದು ಸುಲಭವಾಗುತ್ತದೆ. ‘ನೋಡು, ನಮ್ಮ ಮನೆ ಮೇಲೆ ದಾಳಿ ನಡೆದಿದೆ, ಈ ಹೊತ್ತಲ್ಲಿ ನೀನು ಅವರ ಮಾತು ಆಡ್ತೀಯಾ?’ ಎಂದರೆ ಮುಗಿಯಿತು.

ಕೋರ್ಟೂ ಈ ಕೆಲಸ ಮಾಡಲಾರದು. ಕುರ್‌ಆನನ್ನು ಮುಟ್ಟುಗೋಲು ಹಾಕಿಸಬೇಕೆಂದು 1985ರಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹೋದ ಅರ್ಜಿ ವಜಾ ಆಯಿತು. 26 ವಚನಗಳನ್ನು ತೆಗೆದುಹಾಕಿ ಎಂದು ವಸೀಂ ರಿಜ್ವಿ ಸುಪ್ರೀಂ ಕೋರ್ಟಿಗೆ ಹೋದಾಗ 2021ರ ಏಪ್ರಿಲ್ 12ರಂದು ಅದೂ ವಜಾ, ಮೇಲೆ 50,000 ರೂಪಾಯಿ ದಂಡ. ಸರಿಯಾಗಿಯೇ ಇದೆ. ನ್ಯಾಯಾಧೀಶರು ಕತ್ತರಿ ಹಿಡಿದು ಗ್ರಂಥ ತಿದ್ದಲು ಹೊರಟರೆ ಯಾವ ಧರ್ಮದ ಪುಸ್ತಕವೂ ಪೂರ್ತಿ ಉಳಿಯುವುದಿಲ್ಲ. ಗ್ರಂಥದ ಪುಟ ಹರಿಯುವ ಅಗತ್ಯವಿಲ್ಲ. ಆ ಪುಟ ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ಅದನ್ನು ನಂಬುವವರು ಬಾಯಿಬಿಟ್ಟು ಹೇಳಿದರೆ ಸಾಕು.

ಕೊನೆಗೆ ನಮ್ಮ ವೃತ್ತಿಯವರಿಗೆ ಒಂದು ಮಾತು. ಮುಳಬಾಗಿಲಿನ ಹೈದರ್ ವಲಿ ದರ್ಗಾದ ಉರುಸಿನ ಸುದ್ದಿಗೆ ನಾವು ಪ್ರತಿ ವರ್ಷ ಒಂದೇ ತಲೆಬರಹ ಕೊಡುತ್ತೇವೆ: ಭಾವೈಕ್ಯದ ಸಂಕೇತ. ಹಿಂದೂಗಳೂ ಹರಕೆ ಹೊರುತ್ತಾರೆ ಎಂದು ಎರಡನೇ ಪ್ಯಾರಾ. ಅದು ನಿಜವೂ ಹೌದು. ಆದರೆ 2022ರ ಏಪ್ರಿಲ್‌ನಲ್ಲಿ ಅದೇ ಮುಳಬಾಗಿಲಿನಲ್ಲಿ ಶ್ರೀರಾಮ ಶೋಭಾಯಾತ್ರೆಯ ಮೇಲೆ ಕಲ್ಲು ಬಿತ್ತು, ನಿಷೇಧಾಜ್ಞೆ ಬಂತು. ನಮ್ಮ ತಲೆಬರಹ ಅದನ್ನು ತಡೆಯಲಿಲ್ಲ. ದರ್ಗಾಕ್ಕೆ ಸಕ್ಕರೆ ಹಂಚುವವರೂ ಕಲ್ಲು ಎತ್ತುವವರೂ ಒಂದೇ ಊರಲ್ಲಿ ಇರಬಲ್ಲರು. ಸೌಹಾರ್ದ ತಾನಾಗಿ ಉಳಿಯುತ್ತದೆ ಎಂದು ನಂಬಿ ಕಷ್ಟದ ಮಾತು ಆಡದೇ ಉಳಿದವರು ನಾವು. ಆ ಖಾಲಿ ಜಾಗಕ್ಕೆ ಫಾರ್ವರ್ಡ್ ಮಾಡುವವರು ಬಂದು ಕೂತರು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಗ್ರಂಥದ ಅಸಹನೆಯ ಬಗ್ಗೆ ಮಾತಾಡುವವರು ಮೊದಲು ಪೂರ್ತಿ ಅಧ್ಯಾಯ ಓದಲಿ. ಎರಡನೆಯದಾಗಿ, ಪರರ ಪುಸ್ತಕದ ಕಠೋರ ಪುಟ ಓದುವ ಮೊದಲು ತಮ್ಮದರ ಕಠೋರ ಪುಟವನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಲಿ. ಪುಸ್ತಕ ಇಲ್ಲದಿದ್ದರೆ ತಮ್ಮ ಊರಿನ ಕಟ್ಟಳೆಯನ್ನು ಓದಲಿ. ಮೂರನೆಯದಾಗಿ, ಆ ಗ್ರಂಥವನ್ನು ನಂಬುವವನು ಎದುರಿಗೆ ಕೂತಿರಲಿ. ಬೆನ್ನ ಹಿಂದೆ ಓದುವ ವಚನಕ್ಕೆ ಯಾರೂ ಉತ್ತರ ಕೊಡಲಾರರು.

ಟೀ ಅಂಗಡಿಯ ಅಣ್ಣ ಮತ್ತೆ ಸಿಕ್ಕರು. ಈ ಸಲ ನಾನೇ ಹೋಗಿ ಕೂತೆ. ‘ಐತೆ ಅಣ್ಣಾ, ನೀವು ಹೇಳಿದ್ದು ಬರೆದೈತೆ. ಬೇರೇನೂ ಬರೆದೈತೆ’ ಅಂದೆ. ಫೋಟೋ ಹೊಡೆದುಕೊಂಡಿದ್ದ ತೌಬಾದ 4, 5, 6ನ್ನು ಒಟ್ಟಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಮತ್ತೆ ನಂದು?’

ಮಾಲೂರಿನ ಹುಡುಗನ ಕಥೆ ಅವರಿಗೆ ಗೊತ್ತಿತ್ತು. ಅದರ ಬಗ್ಗೆ ನಾವಿಬ್ಬರೂ ಇನ್ನೊಂದು ಟೀ ಮುಗಿಯುವವರೆಗೆ ಜಗಳವಾಡಿದೆವು. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಅಂಗಡಿಯವನು ಒಲೆ ಆರಿಸುವ ತನಕ ಯಾರೂ ಏನನ್ನೂ ಸುಡಲಿಲ್ಲ.